ಮೊದಲ ಚಮಚ ಕುಲಸುಂಬಿಯದು

ಬೆಳಗಿನ ಐದೂವರೆ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಓಡಾಟ ಇನ್ನೂ ಶುರುವಾಗಿಲ್ಲ. ರಸ್ತೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಕುಲಸುಂಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಣೆಯ ಮುಂದೆ ಕುಳಿತಿದ್ದಾರೆ. ಹಿಂದಿನ ಸಂಜೆ ಕೊಯ್ದ ಲೋಳಸರದ ಎಲೆಗಳು ತೊಟ್ಟಿಯೊಳಗೆ ಬುಡ ಕೆಳಗಾಗಿ ನಿಂತಿವೆ. ರಾತ್ರಿಯಿಡೀ ಸೋರಿದ ಹಳದಿ ಹಾಲು ತೊಟ್ಟಿಯ ತಳದಲ್ಲಿ ಅಂಟಂಟಾಗಿ ಕಟ್ಟಿಕೊಂಡಿದೆ.

ಕುಲಸುಂಬಿ ಒಂದು ಎಲೆ ಎತ್ತಿ ಬುಡವನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಹಳದಿ ಬರಲಿಲ್ಲ ಎಂದರೆ ಮಾತ್ರ ಚಾಕು. ಮೊದಲು ಎರಡೂ ಅಂಚಿನ ಮುಳ್ಳು, ಆಮೇಲೆ ಬೆನ್ನಿನ ಸಿಪ್ಪೆ, ಕೊನೆಗೆ ಹೊಟ್ಟೆಯದು. ಒಳಗಿನ ತಿರುಳು ಜಾರಿ ಬೋಗುಣಿಗೆ ಬೀಳುತ್ತದೆ. ಅದನ್ನು ಮೂರು ನೀರಿನಲ್ಲಿ ತೊಳೆದು, ಅರೆದು, ಸೋಸಿ, ಮೊದಲ ಚಮಚ ರಸವನ್ನು ತಾವೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಕಣ್ಣು ಮುಚ್ಚಿ ರುಚಿ ನೋಡುತ್ತಾರೆ. ‘ಆತು’ ಎನ್ನುತ್ತಾರೆ. ಆ ಮಾತು ಕೇಳಿದ ಮೇಲೆಯೇ ಕೌಂಟರಿನ ಸತ್ತೆಪ್ಪ ಬಾಟಲಿಗಳನ್ನು ಹತ್ತಿರ ತರುವುದು.

ಇದು ವೈದ್ಯೆ ತ್ರಿಶಲಾ ನಡೆಸುವ ಸಣ್ಣ ಆಯುರ್ವೇದ ಚಿಕಿತ್ಸಾಲಯ. ಹಿಂದೆ ಅರ್ಧ ಎಕರೆ ಲೋಳಸರದ ತೋಟವಿದೆ. ದಿನಕ್ಕೆ ನಲವತ್ತು, ನಲವತ್ತೈದು ಎಲೆ, ಮೂವತ್ತು ಬಾಟಲಿ ರಸ, ಒಂದಿಷ್ಟು ಮುಲಾಮು. ಎಲೆ ಸುಲಿಯುವವರು ಕುಲಸುಂಬಿ. ವಯಸ್ಸು ಐವತ್ತಾರು, ಈ ಕೆಲಸಕ್ಕೆ ಹನ್ನೊಂದು ವರ್ಷ. ಬಾಟಲಿಯ ಚೀಟಿಯ ಮೇಲೆ ವೈದ್ಯರ ಹೆಸರಿದೆ, ತಯಾರಿಸಿದ ದಿನಾಂಕವಿದೆ. ಇವರ ಹೆಸರಿಲ್ಲ. ಇರಬೇಕೆಂದು ಅವರಿಗೆ ಅನಿಸಿದ್ದೂ ಇಲ್ಲ.

ತವರು ನಿಪ್ಪಾಣಿ. ಹನ್ನೆರಡನೆಯ ವಯಸ್ಸಿಗೆ ಅವ್ವನ ಪಕ್ಕ ಕುಳಿತು ಬೀಡಿ ಸುತ್ತಲು ಕಲಿತರು. ಮನೆ ಕಟ್ಟುವ ಗೌಂಡಿ ಕೆಲಸದ ಹುಸೇನರನ್ನು ಮದುವೆಯಾಗಿ ಚಿಕ್ಕೋಡಿಗೆ ಬಂದ ಮೇಲೂ ಮಡಿಲಿನ ಬೀಡಿ ಮೊರ ಕೆಳಗಿಳಿಯಲಿಲ್ಲ. ದಿನಕ್ಕೆ ಎಂಟುನೂರು ಬೀಡಿ, ಮೂವತ್ತಮೂರು ವರ್ಷ. ಕೊನೆಗೆ ಕೆಮ್ಮು ಹತ್ತಿತು, ಬೆರಳ ತುದಿಗಳು ಬಿರಿದವು. ‘ಹಿಟ್ಟು ನಾದಿದ್ರ ರೊಟ್ಟಿಗೆ ತಂಬಾಕಿನ ವಾಸ ಬರತಿತ್ರಿ. ಮಕ್ಕಳು ಬಾಯಿಬಿಟ್ಟು ಅಂತಿರಲಿಲ್ಲ, ರೊಟ್ಟಿ ಬಿಟ್ಟು ಏಳತಿದ್ವು’ ಎಂದು ಅವರು ಹೇಳುವಾಗ ದನಿಯಲ್ಲಿ ದೂರಿಲ್ಲ.

ಔಷಧಕ್ಕೆಂದು ಬಂದವರು ಇಲ್ಲಿಯೇ ಉಳಿದರು. ಕೆಮ್ಮಿಗೆ ತ್ರಿಶಲಾ ಬೇರೆ ಮದ್ದು ಕೊಟ್ಟರು, ಬೀಡಿ ಬಿಡಲು ಹೇಳಿದರು. ಬಿರಿದ ಬೆರಳಿಗೆ ಲೋಳಸರದ ತಿರುಳು ಹಚ್ಚಿಕೊಳ್ಳಲು ಕೊಟ್ಟರು. ಎರಡು ತಿಂಗಳಲ್ಲಿ ಚರ್ಮ ಮೆತ್ತಗಾಯಿತು. ಆಗ ಎಲೆ ಸುಲಿಯಲು ಒಬ್ಬರು ಬೇಕಾಗಿದ್ದರು. ಮೊದಲ ವಾರ ಲೋಳೆ ತಾಗಿ ಮೊಣಕೈವರೆಗೆ ತುರಿಕೆಯಾಯಿತಂತೆ. ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದರು, ಬಿಡಲಿಲ್ಲ.

ಆಯುರ್ವೇದದಲ್ಲಿ ಈ ಗಿಡದ ಹೆಸರು ಕುಮಾರಿ. ಒಳಗಿನ ತಿರುಳು ತಂಪು. ಸಣ್ಣ ಸುಟ್ಟಗಾಯಕ್ಕೆ, ಒಣಗಿ ಬಿರಿದ ಚರ್ಮಕ್ಕೆ, ಪಿತ್ತದ ಉರಿಗೆ, ಮಲಬದ್ಧತೆಗೆ ಅಳತೆ ನೋಡಿ ಕೊಡುತ್ತಾರೆ. ಆದರೆ ಸಿಪ್ಪೆಯ ಕೆಳಗಿನ ಹಳದಿ ಹಾಲು ಬೇರೆಯೇ ವಸ್ತು. ಅದು ಕಹಿ, ಕರುಳನ್ನು ಹಿಂಡಿ ಭೇದಿ ಮಾಡಿಸುತ್ತದೆ. ಬಸುರಿಯರು ಅದರ ಹತ್ತಿರಕ್ಕೂ ಹೋಗಬಾರದು. ರಸ ಕುಡಿಯುವುದನ್ನೇ ಬಸುರಿಯರಿಗೆ, ಎದೆಹಾಲು ಕುಡಿಸುವವರಿಗೆ ತ್ರಿಶಲಾ ಹೇಳುವುದಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರಿಗೂ ವಿಚಾರಿಸದೆ ಕೊಡುವುದಿಲ್ಲ. ‘ಮನೆ ಮುಂದ ಬೆಳಿತೈತಿ ಅಂತ ಮಂದಿ ಇದನ್ನ ಹಗುರ ತಿಳಕೊಂಡಾರ’ ಎನ್ನುತ್ತಾರೆ ಅವರು.

ಹಗುರ ತಿಳಿದುಕೊಂಡ ಒಂದು ದಿನ ಕುಲಸುಂಬಿಯವರ ಬದುಕಿನಲ್ಲೂ ಬಂದಿತ್ತು. ನಾಲ್ಕು ವರ್ಷದ ಹಿಂದೆ, ಮಳೆಗಾಲದಲ್ಲಿ. ಆ ಕಥೆಯನ್ನು ನಾನಾಗಿ ಕೇಳಲಿಲ್ಲ, ಅವರೇ ಹೇಳಿದರು.

ಹಿಂದಿನ ಸಂಜೆ ಮಳೆ ಜೋರಿದ್ದುದರಿಂದ ಅವರು ಅರ್ಧ ಎಲೆಗಳನ್ನಷ್ಟೇ ಕೊಯ್ದಿದ್ದರು. ಬೆಳಿಗ್ಗೆ ರಸ ಸಾಲದೆಂದು ಗೊತ್ತಾಗಿ ತೋಟಕ್ಕೆ ಓಡಿ ಇನ್ನಷ್ಟು ಕೊಯ್ದು ತಂದರು. ಹೊರಗೆ ಹಾಲಿನ ಗಾಡಿ ಹಾರನ್ ಬಾರಿಸುತ್ತಿತ್ತು. ಯಡೂರಿನ ನಾಲ್ವರಿಗೆ ಬಾಟಲಿ ಹೋಗುವುದು ಅದರಲ್ಲೇ. ತಾಜಾ ಎಲೆಗಳನ್ನು ಅರ್ಧ ತಾಸು ನಿಲ್ಲಿಸಿ, ಅಷ್ಟು ಸಾಕೆಂದು ಸುಲಿದುಬಿಟ್ಟರು. ಅವುಗಳಿಂದ ಹನ್ನೊಂದು ಬಾಟಲಿ ತುಂಬಿದವು. ಏಳು ಕೌಂಟರಿನಿಂದ ಹೋದವು, ನಾಲ್ಕು ಗಾಡಿ ಹತ್ತಿದವು.

ಪಾತ್ರೆ ತೊಳೆಯುವಾಗ ಉಗುರ ಸಂದಿಯಲ್ಲಿ ಹಳದಿ ಕಂಡಿತು. ಬೆರಳು ನೆಕ್ಕಿದರು. ಕಹಿ.

‘ನಾ ಹೇಳಲಿಲ್ಲಂದ್ರ ಯಾರಿಗೂ ತಿಳಿತಿರಲಿಲ್ಲ. ಹೇಳಿದ್ರ ಕೆಲಸ ಹೋಕ್ಕೈತಿ ಅಂತನೂ ಅನಿಸ್ತು. ಖರೇ ಹೇಳತೇನಿ, ಬಾಗಿಲದಾಗ ಒಂದು ಗಳಿಗಿ ನಿಂತೇನಿ.’

ಆಮೇಲೆ ಒದ್ದೆ ಕೈಯಲ್ಲೇ ತ್ರಿಶಲಾ ಅವರ ಕೋಣೆಗೆ ಹೋಗಿ ನಡೆದುದನ್ನೆಲ್ಲ ಹೇಳಿದರು. ತ್ರಿಶಲಾ ಬೈಯಲಿಲ್ಲ, ಎಷ್ಟು ಬಾಟಲಿ ಎಂದಷ್ಟೇ ಕೇಳಿ ಫೋನು ಎತ್ತಿಕೊಂಡರು. ಊರೊಳಗಿನ ಏಳೂ ಜನ ಸಿಕ್ಕರು. ಇಬ್ಬರು ಆಗಲೇ ಕುಡಿದಿದ್ದರು. ನೀರು ಕುಡಿಯುತ್ತಿರಿ, ಮನೆ ಬಿಟ್ಟು ಹೋಗಬೇಡಿ, ಸಂಜೆ ಬಂದು ನೋಡುತ್ತೇನೆ ಎಂದು ಅವರಿಗೆ ಹೇಳಿದ್ದಾಯಿತು. ಹಾಲಿನ ಗಾಡಿಯ ಧರೆಪ್ಪ ಮಾತ್ರ ಫೋನು ಎತ್ತಲಿಲ್ಲ. ಇಬ್ಬರೂ ಸ್ಕೂಟರ್ ಹತ್ತಿ ಯಡೂರಿನ ದಾರಿ ಹಿಡಿದರು. ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ, ಮೇಲೆ ಜಿಟಿಜಿಟಿ ಮಳೆ.

ಮೂರು ಮನೆಗಳಲ್ಲಿ ಬಾಟಲಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ನಾಲ್ಕನೆಯದು ಕೆಂಚವ್ವ ಎಂಬ ಹಿರಿಯರ ಮನೆ. ಪಿತ್ತದ ಉರಿಗೆ ರಸ ಕುಡಿಯುತ್ತಿದ್ದವರು ಅವರು. ಆದರೆ ಅಂದು ಕೆಂಚವ್ವ ಹೊಲಕ್ಕೆ ಹೋಗಿದ್ದರು, ಬಾಟಲಿ ಸೊಸೆ ದೀಪಾಲಿಯ ಕೈಯಲ್ಲಿತ್ತು. ದೀಪಾಲಿಗೆ ಐದು ತಿಂಗಳು. ಲೋಳಸರದ ರಸ ಕುಡಿದರೆ ಮೈಬಣ್ಣ ತಿಳಿಯಾಗುತ್ತದೆಂದು ಮೊಬೈಲಿನಲ್ಲಿ ನೋಡಿದ್ದಳಂತೆ. ಅತ್ತೆಯ ಬಾಟಲಿಯಿಂದ ಮೊದಲ ಸಲ ಲೋಟಕ್ಕೆ ಬಗ್ಗಿಸಿಕೊಂಡು, ಒಂದು ಗುಟುಕು ಕುಡಿದು, ಕಹಿ ಎಂದು ಕಿಡಕಿಯಲ್ಲಿ ಇಟ್ಟಿದ್ದಳು. ಕಹಿ ಇದ್ದಷ್ಟೂ ಗುಣ ಹೆಚ್ಚು ಎಂದುಕೊಂಡು, ಭಾಂಡಿ ತಿಕ್ಕಿದ ಮೇಲೆ ಉಳಿದುದನ್ನು ಕುಡಿಯುವ ವಿಚಾರದಲ್ಲಿದ್ದಳು.

ಕುಲಸುಂಬಿ ಆ ಲೋಟವನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ ಚೆಲ್ಲಿದರು. ಒಳಗೆ ಬಂದು ದೀಪಾಲಿಯ ಮುಂದೆ ಕುಳಿತು ಹೇಳಿದರು: ‘ಇದು ನನ್ನ ತಪ್ಪೈತಿ, ತಂಗಿ. ನಾ ಗಡಬಡಿ ಮಾಡಿನಿ. ನೀ ಹೆದರಬ್ಯಾಡ, ಆದ್ರ ಈಗ ನಮ್ಮ ಸಂಗಾಟ ದವಾಖಾನಿಗೆ ಬಾ.’

ಬಾಡಿಗೆ ರಿಕ್ಷಾದಲ್ಲಿ ಕರೆತಂದ ದೀಪಾಲಿಯನ್ನು ಚಿಕ್ಕೋಡಿಯ ಹೆರಿಗೆ ವೈದ್ಯರು ನೋಡಿ, ಒಂದು ಗುಟುಕಿನಿಂದ ಏನೂ ಆಗಿಲ್ಲ ಎಂದರು. ಎರಡು ದಿನ ಬಿಟ್ಟು ಮತ್ತೆ ನೋಡಿದರು, ಎಲ್ಲ ಸರಿಯಿತ್ತು. ಊರೊಳಗಿನ ಇಬ್ಬರಲ್ಲಿ ಒಬ್ಬರಿಗೆ ಒಂದು ದಿನ ಭೇದಿಯಾಗಿ ನಿಂತಿತು. ದೀಪಾಲಿಗೆ ಚಳಿಗಾಲದಲ್ಲಿ ಹೆಣ್ಣು ಮಗು ಹುಟ್ಟಿತು. ಮಗುವಿನ ಹೆಸರಿಡುವ ದಿನ ಕೆಂಚವ್ವ ಧರೆಪ್ಪನ ಗಾಡಿಯಲ್ಲಿ ಕುಲಸುಂಬಿಗೆಂದು ಕುಬಸದ ಬಟ್ಟೆ ಕಳಿಸಿದರು. ಅದನ್ನು ಇನ್ನೂ ಹೊಲಿಸಿಲ್ಲ, ಪೆಟ್ಟಿಗೆಯಲ್ಲಿ ಹಾಗೆಯೇ ಇದೆ.

ಯಡೂರಿನಿಂದ ಬಂದ ಸಂಜೆ ಕುಲಸುಂಬಿ ಚಾಕುವನ್ನು ತೊಳೆದು ತ್ರಿಶಲಾ ಅವರ ಮೇಜಿನ ಮೇಲೆ ಇಟ್ಟರು. ತ್ರಿಶಲಾ ಅದನ್ನು ತಿರುಗಿ ಅವರ ಕಡೆಗೇ ಸರಿಸಿದರು. ತಾನೂ ನೋಡದೆ ಬಾಟಲಿ ಕಳಿಸಿದ್ದೆ, ಇನ್ನು ಮುಂದೆ ಹೀಗಾಗದಿರಲು ಏನು ಮಾಡೋಣ ಹೇಳಿ ಎಂದು ಕೇಳಿದರು. ಕುಲಸುಂಬಿ, ಮೊದಲ ಚಮಚ ತಾನು ಕುಡಿಯುತ್ತೇನೆ ಎಂದರು. ಅಂದಿನಿಂದ ಆ ಪದ್ಧತಿ ತಪ್ಪಿಲ್ಲ.

ರಮಜಾನಿನಲ್ಲಿ ಮಾತ್ರ ಒಂದು ತಿಂಗಳು ಬದಲಾವಣೆ. ಕುಲಸುಂಬಿಗೆ ರೋಜಾ, ಹಾಗಾಗಿ ರುಚಿ ನೋಡುವವರು ತ್ರಿಶಲಾ. ಕುಲಸುಂಬಿ ಎದುರು ನಿಂತು ಅವರ ಮುಖವನ್ನೇ ನೋಡುತ್ತಾರೆ. ಈ ವರ್ಷ ಒಂದು ದಿನ ಡಾಕ್ಟರಬಾಯಿ ಸರಿಯಿದೆ ಎಂದರೂ ಕುಲಸುಂಬಿ ಒಪ್ಪದೆ, ಆ ರಸವನ್ನು ಬದಿಗಿಟ್ಟು ಉಳಿದ ತಿರುಳನ್ನು ಇನ್ನೊಂದು ನೀರಿನಲ್ಲಿ ತೊಳೆಸಿದರು. ರುಚಿ ನೋಡುವಾಗ ಡಾಕ್ಟರಬಾಯಿಯ ಹುಬ್ಬು ಸ್ವಲ್ಪ ಗಂಟಿಕ್ಕಿತ್ತಂತೆ. ತ್ರಿಶಲಾ ಇದನ್ನು ನಗುತ್ತ ಹೇಳುತ್ತಾರೆ.

ಬಾಟಲಿಗಳು ಹೆಚ್ಚಾದುದರಿಂದ ಕಳೆದ ತಿಂಗಳು ಪ್ರಾಜಕ್ತಾ ಎಂಬ ಇನ್ನೊಬ್ಬರು ಕೆಲಸಕ್ಕೆ ಸೇರಿದ್ದಾರೆ. ನಲವತ್ತು ದಾಟಿದ ಗೃಹಿಣಿ, ಮನೆಯ ಮಾತು ಮರಾಠಿ. ಲೋಳಸರಕ್ಕೆ ಅವರು ಕೋರಫಡ ಎಂದೇ ಅನ್ನುತ್ತಾರೆ. ನಾನು ಹೋಗುವ ಎರಡು ದಿನ ಮೊದಲು ಅವರು ಸೋರಿದ ಎಲೆಗಳ ಜೊತೆ ಸೋರದವನ್ನು ಕೂಡಿಸಿ ಸುಲಿದುಬಿಟ್ಟಿದ್ದರು. ಯಾರೂ ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ತಾವಾಗಿಯೇ ಕುಲಸುಂಬಿಯ ಬಳಿ ಬಂದು, ತಲೆ ತಗ್ಗಿಸಿ, ಮೌಶಿ, ಹೀಗಾಯಿತು ಎಂದರು. ಕುಲಸುಂಬಿ ಇಡೀ ಬೋಗುಣಿಯನ್ನು ಗಿಡದ ಬುಡಕ್ಕೆ ಚೆಲ್ಲಿ ಬಂದು, ಇಬ್ಬರಿಗೂ ಚಹಾ ಮಾಡಿದರು. ಅಂದು ರೋಗಿಗಳಿಗೆ ರಸ ನಾಳೆ ಎಂದು ಸತ್ತೆಪ್ಪ ಹೇಳಿ ಕಳಿಸಬೇಕಾಯಿತು.

ಮುಂದೆ ಏನು ಆಸೆ ಎಂದು ಕೇಳಿದೆ. ಕುಲಸುಂಬಿ ಚಾಕು ಒರೆಸುತ್ತ ಪಕ್ಕದ ಮಣೆಯ ಕಡೆ ನೋಡಿದರು. ಪ್ರಾಜಕ್ತಾ ಒಂದು ಎಲೆಯ ಬುಡ ಒತ್ತಿ, ಅನುಮಾನ ಬಂದು, ಮತ್ತೆ ತೊಟ್ಟಿಗೆ ಇಡುತ್ತಿದ್ದರು.

‘ಕೈಗೆ ಕೆಲಸ ಯಾರರ ಕಲಸ್ತಾರ‍್ರಿ. ತಪ್ಪಾದ ದಿನ ಹೆದರದ ಬಂದು ಹೇಳೂದು ಇಲ್ಲಿ ರೂಢಿ ಆಗಬೇಕು. ಆಕಿ ಬಂದು ಹೇಳಿದ್ಲು ನೋಡ್ರಿ, ಅವತ್ತ ನನಗ ಭಾಳ ಸಮಾಧಾನ ಆತು.’