ದ್ರಾಕ್ಷಾಸವವೆಂದು ಕೊಟ್ಟದ್ದು

ರೋಹಿಣಿ, ನಿನ್ನ ಅಮ್ಮ ಕುಡುಕಿಯಾಗಿರಲಿಲ್ಲ. ಅವಳಿಗೆ ಕುಡಿಸಿದವಳು ನಾನು — ಔಷಧಿ ಎಂದು ಹೇಳಿ, ಅಕ್ಕನ ಹಾಗೆ ಪಕ್ಕದಲ್ಲಿ ಕೂತು. ಆಮೇಲೆ ಅವಳೆದುರೇ ಸುಳ್ಳು ಹೇಳಿದವಳೂ ನಾನೇ.

ಅದು ಅರವತ್ತೊಂಬತ್ತರ ಚಳಿಗಾಲ. ಡೆಟ್ರಾಯಿಟಿನ ಹೊರಗೆ ಒಂದೇ ಕಟ್ಟಡದಲ್ಲಿ ಮೇಲೆ ನಾವು, ಕೆಳಗೆ ನಿನ್ನ ಅಪ್ಪ ಅಮ್ಮ. ನಾವು ಮೈಸೂರಿನವರು, ಅವರು ಧಾರವಾಡದವರು. ಆ ಹಿಮದಲ್ಲಿ ಕನ್ನಡ ಎಂದರೆ ಸಾಕಿತ್ತು, ನೆಂಟರಾಗುತ್ತಿದ್ದೆವು. ನೀನು ಹುಟ್ಟಿದಾಗ ನಿನ್ನ ಅಮ್ಮ ಇಂದುಮತಿಯ ತಾಯಿಗೆ ಬರಲಾಗಲಿಲ್ಲ. "ನಾನಿಲ್ವಾ? ಬಾಣಂತನ ನಾನ್ ಮಾಡ್ತೀನಿ" ಎಂದು ಎಲ್ಲರೆದುರು ಸಾರಿಬಿಟ್ಟೆ. ನಾನು ಹೆತ್ತವಳಲ್ಲ, ಹತ್ತಿರದಿಂದ ಒಂದು ಬಾಣಂತನ ಕಂಡವಳೂ ಅಲ್ಲ. ಜಂಭ ಮಾತ್ರ ಏಳು ಹೆತ್ತವಳದು.

ಊರಿನಿಂದ ತಂದ ಒಂದೇ ಒಂದು ಬಾಟಲಿ ದ್ರಾಕ್ಷಾಸವ ನನ್ನಲ್ಲಿತ್ತು — ಬಾಣಂತಿಯರಿಗೆ ಊಟವಾದ ಮೇಲೆ ಕೊಡುವ ದ್ರಾಕ್ಷಿಯ ಔಷಧಿ. ನಿನ್ನ ಅಮ್ಮ ಆ ದಿನಗಳಲ್ಲಿ ಕಾರಣವಿಲ್ಲದೆ ಅಳುತ್ತಿದ್ದಳು. ಆ ಎರಡು ಚಮಚಕ್ಕಾಗಿ ಕಾದಿರುತ್ತಿದ್ದಳು. "ಅವ್ವ ಕೊಟ್ಟಂಗ ಅನಸ್ತದರಿ ಅಕ್ಕಾ" ಎನ್ನುತ್ತಿದ್ದಳು. ಬಾಟಲಿ ಮುಗಿಯಿತು. ಮುಗಿಯಿತು ಕಣೆ ಎಂದಿದ್ದರೆ ಆಗುತ್ತಿತ್ತು — ಅಷ್ಟೇ ಸಾಕಿತ್ತು —

ನಮ್ಮ ಅಕ್ಕಿ ಡಬ್ಬದ ಹಿಂದೆ ಇನ್ನೊಂದು ಬಾಟಲಿ ಅವಿತಿತ್ತು. ನನ್ನ ಗಂಡನಿಗೆ ಆಫೀಸಿನ ಫ್ರೆಂಚಿನವನೊಬ್ಬ ಕೊಟ್ಟ ಉಡುಗೊರೆ, ಪಿನೋ ಅಂತೆ. ಆಗಷ್ಟೇ ಹಿಂಡಿದ ದ್ರಾಕ್ಷಿರಸ ಹುಳಿಯುವ ಮೊದಲೇ ಅದಕ್ಕೆ ಬ್ರಾಂದಿ ಬೆರೆಸಿ ಪೀಪಾಯಿಯಲ್ಲಿಟ್ಟು ಹಳತು ಮಾಡುತ್ತಾರೆಂದು ಅವರೇ ವಿವರಿಸಿದ್ದರು. ನನಗೆ ಗೊತ್ತಿತ್ತು, ರೋಹಿಣಿ. ಬ್ರಾಂದಿ ಎಂದು ತಿಳಿದೇ ಖಾಲಿ ದ್ರಾಕ್ಷಾಸವದ ಬಾಟಲಿಗೆ ಸುರಿದೆ. ಬಣ್ಣ ತುಸು ತಿಳಿ, ರುಚಿ ಜೇನಿನಷ್ಟು ಸಿಹಿ. ಅದೂ ದ್ರಾಕ್ಷಿ, ಇದೂ ದ್ರಾಕ್ಷಿ ಎಂದು ನನಗೆ ನಾನೇ ಹೇಳಿಕೊಂಡೆ.

"ಹಳೇದಕ್ಕಿಂತ ಇದು ಭಾಳ ಛೊಲೋ ಅದರಿ. ನಿದ್ದಿ ಬಂತು" ಎಂದಳು. ನಾನು ಉಬ್ಬಿಹೋದೆ. ಚಮಚ ಹೋಗಿ ಪುಟ್ಟ ಲೋಟ ಬಂತು. ಅವಳ ಅಳು ನಿಂತರೆ ನನಗೂ ಹಗುರ. ಕೊನೆಗೆ ದಿನಾ ಮೆಟ್ಟಿಲು ಇಳಿಯುವ ಬೇಸರಕ್ಕೆ ಬಾಟಲಿಯನ್ನೇ ಅವಳ ಹಾಸಿಗೆಯ ಪಕ್ಕ ಇಟ್ಟು ಬಂದೆ.

ಒಂದು ಮಧ್ಯಾಹ್ನ ನಿನ್ನ ಅಪ್ಪ ಆಸ್ಪತ್ರೆಯಿಂದ ಬೇಗ ಬಂದರು. ನೀನು ಒದ್ದೆ ಬಟ್ಟೆಯಲ್ಲಿ ಕಿರುಚಿ ಕಿರುಚಿ ಕೆಂಪಾಗಿದ್ದೆ. ಎಬ್ಬಿಸಿದರೂ ಅವಳಿಗೆ ಎಚ್ಚರವಿಲ್ಲ. ನನ್ನನ್ನು ಕೂಗಿದರು. ನಾನು ಹೋಗುವ ಹೊತ್ತಿಗೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಬಾಟಲಿ ಅವರ ಕೈಯಲ್ಲಿತ್ತು. ಡಾಕ್ಟರಿಗೆ ಆ ವಾಸನೆ ತಿಳಿಯದೇ?

"ವೈನಿ, ಇದನ್ನ ನೀವ ಕೊಟ್ರೇನ್ರಿ?" ನಾವು ಅತ್ತಿಗೆ ಎನ್ನುವ ಹಾಗೆ ಅವರು ನನ್ನನ್ನು ವೈನಿ ಎನ್ನುತ್ತಿದ್ದರು.

ಇಡೀ ಊರಿನ ಕನ್ನಡದವರೆಲ್ಲ ನಮ್ಮ ಮನೆಗೇ ಪೂಜೆಗೆ ಬರುತ್ತಿದ್ದರು. ಬಾಣಂತಿಗೆ ಬ್ರಾಂದಿ ಕುಡಿಸಿದವಳು ಎನ್ನಿಸಿಕೊಳ್ಳುವುದೇ? ನನ್ನ ನಾಲಿಗೆ ನನಗಿಂತ ಮೊದಲು ಓಡಿತು.

"ನಾನು ಕೊಟ್ಟಿದ್ದು ಊರಿನ ದ್ರಾಕ್ಷಾಸವ ಅಷ್ಟೇ. ಆಮೇಲೆ ಅದಕ್ಕೆ ಏನು ಸುರ್ಕೊಂಡ್ಳೋ, ನನಗೇನ್ ಗೊತ್ತು?"

ಅವಳು "ಅಕ್ಕಾ…" ಎಂದಳು. ಅಷ್ಟೇ. ಬೈಯಲಿಲ್ಲ. ಅಕ್ಕ ಬಾಯಿತಪ್ಪಿ ಹೇಳಿರಬೇಕು, ಈಗ ಸರಿಮಾಡುತ್ತಾಳೆ ಎಂಬಂತೆ ನನ್ನನ್ನೇ ನೋಡುತ್ತಿದ್ದಳು. ನಾನು ನಿನ್ನನ್ನು ಎತ್ತಿಕೊಂಡು ಬಟ್ಟೆ ಬದಲಿಸಿದೆ.

ನಿನ್ನನ್ನು ನೋಡಿಕೊಳ್ಳಲು ಅಪ್ಪನ ಕಡೆಯ ಅಜ್ಜಿ ಬಂದರು, ಅಮ್ಮ ಒಬ್ಬಳೇ ಧಾರವಾಡಕ್ಕೆ ಹೋದಳು. ಆರಾಮಾದ ಮೇಲೆ ಕರೆಸುತ್ತೇವೆ ಎಂದರು, ಕರೆಸಲಿಲ್ಲ. ನಿನಗೆ ನಾಲ್ಕು ತುಂಬುವ ಮೊದಲೇ ಹೋಗಿಬಿಟ್ಟಳು. ಜ್ವರ ಎಂದರು. ನಿಜ ಹೇಳಲು ಅಷ್ಟು ವರ್ಷ ನನಗೆ ಸಮಯವಿತ್ತು, ಫೋನಿತ್ತು, ಬಾಯಿಯೂ ಇತ್ತು. ಅವಳ ಹೆಸರಿಗೆ ನಾನು ಬಳಿದ ಮಸಿ ಅವಳೊಂದಿಗೇ ಚಿತೆಗೆ ಹೋಯಿತು — ಇಲ್ಲ, ಹೋಗಲಿಲ್ಲ. ಅದು ಇಲ್ಲೇ ಉಳಿಯಿತು, ನಿನ್ನ ಪಾಲಿಗೆ.

ಎರಡೂ ಸಂಸಾರ ಶಿಕಾಗೋ ಕಡೆಗೆ ಬಂದ ಮೇಲೆ, ಡೌನರ್ಸ್ ಗ್ರೋವಿನ ನಮ್ಮ ಮನೆಗೆ ನೀವೆಲ್ಲ ಊಟಕ್ಕೆ ಬಂದಿದ್ದಿರಿ. ನಿನಗೆ ಆಗ ಹತ್ತು. ಅಡುಗೆಮನೆಯಲ್ಲಿ ನಾವಿಬ್ಬರೇ. ತಟ್ಟೆ ಹಿಡಿದುಕೊಂಡು ನೀನು ಕೇಳಿದೆ: "ಆಂಟಿ, ವಾಸ್ ಮೈ ಮದರ್ ರಿಯಲಿ ಎ ಡ್ರಂಕ್?"

"ಊಟ ಮಾಡು ಪುಟ್ಟ, ಆರಿಹೋಗತ್ತೆ" ಎಂದೆ.

ಆಮೇಲೆ ನೀನು ಎಂದೂ ಕೇಳಲಿಲ್ಲ. ಈಗ ಎಲ್ಲವನ್ನೂ ಬರೆದಿದ್ದೇನೆ — ಕನ್ನಡದಲ್ಲಿ. ನಿನಗೆ ಕನ್ನಡ ಓದಲು ಬರುವುದಿಲ್ಲವೆಂದು ನನಗೆ ಗೊತ್ತು. ಇಂಗ್ಲಿಷಿನಲ್ಲಿ ಬರೆಯಬಲ್ಲೆ, ರೋಹಿಣಿ. ಬರೆಯಲಿಲ್ಲ.