ಸಾವಿನ ಪುಟದ ಕೆಳಗಿನ ಜಾಹೀರಾತು

ಕೊಪ್ಪಳ ಜಿಲ್ಲೆಯಾದ ವರ್ಷ ನಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಮನೆಯಲ್ಲಿ ಕೂತಿದ್ದೆ. ಹೊಸ ಜಿಲ್ಲೆಗೆ ಹೊಸ ಕಚೇರಿಗಳು ಬಂದವು, ಕಚೇರಿಗಳ ಬೆನ್ನಿಗೆ ಅರ್ಜಿಗಳು ಬಂದವು. ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿದ್ದ ಟೈಪಿಂಗ್ ಅಂಗಡಿಯೊಂದಕ್ಕೆ ಕೈ ಬೇಕಾಗಿತ್ತು, ಸೇರಿಕೊಂಡೆ. ಮುಂದೆ ಕೆಲ ವರ್ಷಗಳಲ್ಲಿ ಟೈಪ್‌ರೈಟರ್ ಮೂಲೆ ಸೇರಿತು, ಕಂಪ್ಯೂಟರ್ ಬಂತು, ಮಾಲೀಕರು ಕಣ್ಣು ಕಾಣುವುದಿಲ್ಲವೆಂದು ಅಂಗಡಿಯನ್ನು ನನಗೇ ಬಿಟ್ಟುಕೊಟ್ಟರು. ಹೊಲದ ಕಾಗದ, ಜಾತಿ ಪ್ರಮಾಣಪತ್ರದ ಅರ್ಜಿ, ಲಗ್ನಪತ್ರಿಕೆ, ಇವುಗಳಲ್ಲೇ ನನ್ನ ದಿನ ಕಳೆಯುತ್ತಿತ್ತು.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಬ್ಲಾಗ್ ಶುರು ಮಾಡಿದೆ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿರಲಿಲ್ಲ, ಯಾರನ್ನೂ ಕೇಳಬೇಕಿರಲಿಲ್ಲ. ಮೊದಲು ನಮ್ಮ ಭಾಗದ ಗುಡ್ಡ, ಬಾವಿ, ಕೋಟೆಗಳ ಬಗ್ಗೆ ಬರೆದೆ. ಓದುತ್ತಿದ್ದವಳು ನನ್ನ ಹೆಂಡತಿ ಒಬ್ಬಳು. ಅದೂ ಎಲ್ಲಿ ಅಕ್ಷರ ತಪ್ಪಿದೆ ಎಂದು ತೋರಿಸಲಿಕ್ಕೆ.

ಆಮೇಲೆ ಅಂಗಡಿಯ ಹಿಂದಿನ ಖಾನಾವಳಿಯ ಅಜ್ಜಿ ತೀರಿಕೊಂಡಳು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದು ಕೋಣೆ ಹಿಡಿದು ಓದುತ್ತಿದ್ದ ಹುಡುಗರೆಲ್ಲ ಅಲ್ಲೇ ಉಣ್ಣುತ್ತಿದ್ದರು. ಪರೀಕ್ಷೆಯ ಫಲಿತಾಂಶ ಬಂದ ದಿನ ಅವಳು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಮುಖ ನೋಡಿ, ಫೇಲಾದವನ ತಾಟಿಗೆ ಸುಮ್ಮನೆ ಇನ್ನೊಂದು ಚಮಚ ಶೇಂಗಾ ಹಿಂಡಿ ಹಾಕಿ ಮುಂದೆ ಹೋಗುತ್ತಿದ್ದಳು. ನಾನೂ ಒಂದೆರಡು ಸಲ ಆ ಹಿಂಡಿ ತಿಂದವನು. ಅದನ್ನು ಬರೆದು ಹಾಕಿದೆ. ಮರುದಿನ ಬ್ಲಾಗ್ ತೆರೆದರೆ ಬರಹದ ಕೆಳಗೆ ತಮ್ಮ ಮಾತು ಬರೆದ ಜನ ಸಾಲುಗಟ್ಟಿ ನಿಂತಿದ್ದರು. ಬೀದರದಲ್ಲಿ ಪೊಲೀಸ್ ಆದವನು, ಪುಣೆಯಲ್ಲಿ ಲಾರಿ ಓಡಿಸುವವನು, ರಾಯಚೂರಿನ ಒಬ್ಬ ಮಾಸ್ತರರು. ಎಲ್ಲರೂ ಅವಳ ತಾಟಿನಲ್ಲಿ ಉಂಡವರೇ. ಅಜ್ಜಿಗೆ ಮಕ್ಕಳಿರಲಿಲ್ಲ.

ಅಲ್ಲಿಂದ ಜನ ಕೇಳಿಕೊಂಡು ಬರತೊಡಗಿದರು. ‘ನಮ್ಮ ಅಪ್ಪನ ಬಗ್ಗೆ ಬರೀರಿ’, ‘ನಮ್ಮ ಅವ್ವನ ಬಗ್ಗೆ ನಾಲ್ಕು ಸಾಲು ಹಾಕ್ರಿ’. ನಾನು ಬಸ್ ಹತ್ತಿ ಹೋಗುತ್ತಿದ್ದೆ. ಸತ್ತವರ ಮನೆಯಲ್ಲಿ ಮೊದಲು ಎಲ್ಲರೂ ಹೇಳುವ ಮಾತು ಒಂದೇ, ಭಾಳ ಛಲೋ ಮನಷ್ಯಾ ಇದ್ದ. ಅದು ಮುಗಿಯುವ ತನಕ ಸುಮ್ಮನೆ ಕೂಡಬೇಕು. ಚಹಾ ಬರುತ್ತದೆ, ಯಾರೋ ಅಳುತ್ತಾರೆ, ಯಾರೋ ಒಳಗೆ ಹೋಗುತ್ತಾರೆ. ಆಮೇಲೆ ಮೂಲೆಯಲ್ಲಿ ಕೂತ ತಂಗಿಯೋ ಸೊಸೆಯೋ ನಿಜವಾದ ಒಂದು ಮಾತು ಆಡುತ್ತಾಳೆ. ಹನುಮಸಾಗರದ ಒಬ್ಬರು ಆಯುಷ್ಯವಿಡೀ ಭಜನೆಯಲ್ಲಿ ಹಾರ್ಮೋನಿಯಂ ತಪ್ಪು ಬಾರಿಸಿದರು, ಅವರ ತಪ್ಪಿಗೆ ತಕ್ಕಂತೆ ಹಾಡುವವರೇ ದನಿ ಹೊಂದಿಸಿಕೊಂಡಿದ್ದರು. ಗಿಣಿಗೇರಾದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವನೊಬ್ಬ ಮನೆಯಲ್ಲಿ ಬಿಸಿ ಅನ್ನ ಮುಟ್ಟುತ್ತಿರಲಿಲ್ಲ, ತಣ್ಣಗಾಗಲಿ ಎಂದು ಕಾಯುತ್ತಿದ್ದ. ಇಂಥವನ್ನು ಬರೆಯುತ್ತಿದ್ದೆ. ಮನೆಯವರಿಂದ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಎಲ್ಲರ ಕೈಗೂ ಅಗ್ಗದ ಇಂಟರ್ನೆಟ್ ಇರುವ ಫೋನು ಬಂದ ಮೇಲೆ ಓದುವವರು ಬಹಳ ಹೆಚ್ಚಿದರು. ಅದೇ ಹೊತ್ತಿಗೆ ಅಂಗಡಿಗೆ ಬರುವವರು ಕಡಿಮೆಯಾದರು. ಅರ್ಜಿಗಳನ್ನು ಜನ ತಾವೇ ಫೋನಿನಲ್ಲಿ ತುಂಬುತ್ತಿದ್ದರು, ಲಗ್ನಪತ್ರಿಕೆ ವಾಟ್ಸಾಪಿಗೆ ಹೋಗಿತ್ತು. ಬ್ಲಾಗಿಗೆ ಜಾಹೀರಾತು ಹಾಕಿಸಿಕೊಂಡರೆ ದುಡ್ಡು ಬರುತ್ತದೆ ಎಂದು ಗಂಗಾವತಿಯ ಗೆಳೆಯನೊಬ್ಬ ಹೇಳಿಕೊಟ್ಟ. ದೂರದ ದೇಶದ ಒಂದು ಕಂಪನಿ. ಅದು ಪುಟದ ನಡುವೆ ತಾನೇ ಜಾಹೀರಾತು ತಂದು ಕೂರಿಸುತ್ತದೆ, ಓದುವವರು ಅದನ್ನು ಒತ್ತಿದರೆ ನಮಗಿಷ್ಟು ಪಾಲು. ಕೆಲವು ತಿಂಗಳಲ್ಲಿ ಮನೆ ಬಾಡಿಗೆ ಅದರಲ್ಲೇ ಹೋಗತೊಡಗಿತು. ಮುಂದೆ ಮಗಳ ಶಾಲೆಯ ಫೀಸೂ ಅದರಲ್ಲೇ. ನನ್ನ ಹೆಂಡತಿ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಅವಳ ಸಂಬಳ ಕಿರಾಣಿಗೆ ಸಾಕಾಗುತ್ತಿತ್ತು.

ಒಂದು ಸಲ ದುಡ್ಡು ಜಮೆಯಾದ ಮೆಸೇಜು ನೋಡಿ ಅವಳು, “ಈ ತಿಂಗಳ ಭಾಳ ಮಂದಿ ಹೋದ್ರೇನು?” ಎಂದುಬಿಟ್ಟಳು. ಅಂದ ಮೇಲೆ ಸೆರಗು ಬಾಯಿಗೆ ಹಿಡಿದಳು. ನಾನು ಕೇಳಿಸಲಿಲ್ಲವೆಂಬಂತೆ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದೆ. ಆ ಮೇಲೆ ದುಡ್ಡು ಬಂದ ದಿನ ನಾವಿಬ್ಬರೂ ಅದರ ಮಾತು ತೆಗೆಯುತ್ತಿರಲಿಲ್ಲ.

ಯಲಬುರ್ಗಾ ಹತ್ತಿರದ ಒಂದು ಊರಿನ ಹುಡುಗಿ ಡೆಂಗಿ ಜ್ವರ ಬಂದು ತೀರಿಕೊಂಡಳು. ಕುಕನೂರಿನ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು. ಮದುವೆ ನಿಶ್ಚಯವಾಗಿತ್ತು. ಅವಳ ಜೊತೆ ಕೆಲಸ ಮಾಡುತ್ತಿದ್ದ ಶಿಕ್ಷಕಿಯೊಬ್ಬಳು ಫೋನ್ ಮಾಡಿ ಬರೆಯಲು ಕೇಳಿದಳು. ನಾನು ಹೋದಾಗ ತಾಯಿ ಒಳಗೆ ಮಲಗಿದ್ದರು, ಎದ್ದು ಬರಲಿಲ್ಲ. ತಂದೆ ಗೋಡೆಗೆ ಒರಗಿ ಕೂತಿದ್ದರು. ಅವರು ಬಸ್ ಕಂಡಕ್ಟರ್. ಯಲಬುರ್ಗಾದಿಂದ ಕುಕನೂರು ಮೇಲೆ ಹಾಯ್ದು ಕೊಪ್ಪಳಕ್ಕೆ ಬರುವ ಬಸ್ಸು ಅವರದು. ಮಗಳು ಕಾಲೇಜಿಗೆ ಬರುತ್ತಿದ್ದುದೂ ಅದೇ ಬಸ್ಸಿನಲ್ಲಿ.

“ದಿನಾ ಪಾಸ್ ಕೇಳತಿದ್ದೆ ನಾನು,” ಎಂದರು. “ಮಗಳು ಅಂತ ಬಿಟ್ರ ಮಂದಿ ಏನಂದಾರು? ‘ಪಾಸ್ ತೋರ್ಸವ್ವಾ’ ಅಂತಿದ್ದೆ. ಆಕಿ ತೆಗದು ತೋರಿಸಿ, ‘ನೋಡ್ರಿ ಕಂಡಕ್ಟರ್ ಸಾಹೇಬ್ರ’ ಅಂತಿದ್ಳು. ಮೂರು ವರ್ಷ ಒಂದಿನಾನೂ ಬ್ಯಾಸರ ಮಾಡ್ಕೊಳ್ಳಿಲ್ಲ.”

ಅದರಿಂದಲೇ ಶುರು ಮಾಡಿ ಬರೆದೆ. ನಾನು ಬರೆದವುಗಳಲ್ಲಿ ಅಷ್ಟು ಜನ ಓದಿದ್ದು ಮತ್ತೊಂದಿಲ್ಲ. ಅವಳ ಜೊತೆ ಓದಿದವರು, ಅದೇ ಬಸ್ಸಿನಲ್ಲಿ ಬರುತ್ತಿದ್ದವರು, ಅವಳ ತರಗತಿಯ ಮಕ್ಕಳ ತಾಯಂದಿರು ಕೆಳಗೆ ಬರೆದರು.

ಕೆಲವು ದಿನ ಬಿಟ್ಟು ಕಂಡಕ್ಟರು ನನ್ನ ಅಂಗಡಿಗೆ ಬಂದರು. ಬಸ್ಸು ನಿಲ್ದಾಣದಲ್ಲಿ ನಿಂತಿತ್ತು, ಟಿಕೆಟ್ ಮಷಿನ್ನು ಇನ್ನೂ ಹೆಗಲಲ್ಲಿತ್ತು. ಕುರ್ಚಿ ಕೊಟ್ಟರೂ ಕೂಡಲಿಲ್ಲ. ಯಾರದೋ ಫೋನು ಇಸಿದುಕೊಂಡು ಬಂದಿದ್ದರು. ಅದರಲ್ಲಿ ಮಗಳ ಪುಟ ತೆರೆದು ನನ್ನ ಮುಂದೆ ಹಿಡಿದರು.

ಮೇಲೆ ಅವಳ ಫೋಟೋ ಇತ್ತು. ಅದರ ಕೆಳಗೆ ಒಂದು ಮದುವೆ ಸಂಬಂಧ ಕೂಡಿಸುವ ಕಂಪನಿಯ ಜಾಹೀರಾತು. ಹಣೆಗೆ ಬಾಸಿಂಗ ಕಟ್ಟಿಕೊಂಡ ಹುಡುಗಿಯೊಬ್ಬಳು ನಗುತ್ತಿದ್ದಳು. ನಿಮ್ಮ ಮಗಳಿಗೆ ತಕ್ಕ ವರ ಇಲ್ಲಿದ್ದಾನೆ ಎಂದು ಕನ್ನಡದಲ್ಲೇ ಬರೆದಿತ್ತು.

“ಸರ, ಇದನ್ನ ನೀವು ಹಾಕೀರೇನು?” ಎಂದು ಕೇಳಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ.

“ಇಲ್ರಿ ಅಣ್ಣಾರ. ಅದು ತಾನಾಗೇ ಬರತೈತ್ರಿ.”

“ತಾನಾಗೇ ಅಂದ್ರ, ಯಾರು ಹಾಕತಾರ?”

“ಯಾರೂ ಹಾಕಂಗಿಲ್ರಿ. ಮಷಿನ್ ಹಾಕತೈತಿ. ಪುಟದಾಗ ಲಗ್ನದ ಮಾತು ಇದ್ರ ಲಗ್ನದ್ದು ತಂದು ಹಚ್ಚತೈತಿ.”

ಅವರು ಫೋನನ್ನೇ ನೋಡುತ್ತ ನಿಂತರು. “ಮಷಿನ್ನಿಗೆ ಸತ್ತಾಳ ಅಂತ ತಿಳಿಯಂಗಿಲ್ಲೇನು?”

“ತಿಳಿಯಂಗಿಲ್ರಿ.”

“ಆಕಿ ಅವ್ವ ನೋಡ್ಯಾಳ್ರಿ ಇದನ್ನ,” ಎಂದರು. ಹೊರಗೆ ಡ್ರೈವರ್ ಹಾರ್ನ್ ಹಾಕಿದ. ಅವರು ಹೊರಟುಹೋದರು.

ಅವರ ಎದುರಿಗೆ ಮಾಡಬೇಕಿದ್ದ ಕೆಲಸವನ್ನು ಅವರು ಹೋದ ಮೇಲೆ ಮಾಡಿದೆ. ಆ ಪುಟದ ಜಾಹೀರಾತುಗಳನ್ನೆಲ್ಲ ತೆಗೆದುಹಾಕಿದೆ. ಸಂಜೆ ಮನೆಗೆ ಬಂದು, ಎಲ್ಲ ಪುಟಗಳಿಂದಲೂ ತೆಗೆದುಬಿಡೋಣ ಎಂದೆ. ಹೆಂಡತಿ ಜೋಳದ ಹಿಟ್ಟು ನಾದುತ್ತಿದ್ದಳು.

“ತಗೀರಿ,” ಎಂದಳು. “ಆಮ್ಯಾಲೆ ಬಾಡಿಗಿ ಹೆಂಗ?”

ನಾನು ನೀರಿನ ತಂಬಿಗೆಯನ್ನು ಅವಳ ಹತ್ತಿರ ಸರಿಸಿದೆ.

“ನೀವೇನು ಯಾರಿಗೂ ಕೆಟ್ಟದ್ದು ಮಾಡಿಲ್ಲ. ಆ ಹುಡುಗೀದು ತಗದೀರಿ, ಸಾಕು. ಉಳಿದವರು ಯಾರರೆ ಬಂದು ಕೇಳಿದ್ರ ಅವರದೂ ತಗೀರಿ,” ಎಂದು ರೊಟ್ಟಿ ಬಡಿಯತೊಡಗಿದಳು. ಯಾರೂ ಕೇಳಲಿಲ್ಲ. ಉಳಿದ ಪುಟಗಳಲ್ಲಿ ಜಾಹೀರಾತುಗಳು ಹಾಗೇ ಉಳಿದವು. ಆದರೆ ಬರೆಯಲು ಕೂತಾಗ ಮೊದಲಿನ ಹಾಗೆ ಕೈ ಓಡುತ್ತಿರಲಿಲ್ಲ. ಒಂದು ಶಬ್ದ ಬರೆಯುವಾಗ, ಇದಕ್ಕೆ ಆ ಮಷಿನ್ನು ಏನು ತಂದು ಹಚ್ಚೀತು ಎಂದು ಯೋಚನೆ ಬರುತ್ತಿತ್ತು. ಹೊಲ ಎಂದು ಬರೆದರೆ ಪ್ಲಾಟು, ಎದೆನೋವು ಎಂದರೆ ಆಸ್ಪತ್ರೆ.

ಜಾಹೀರಾತು ತೆಗೆದದ್ದನ್ನು ಯಾರೋ ತೋರಿಸಿದ್ದರಂತೆ. ಕಂಡಕ್ಟರು ಮತ್ತೆ ಬಂದರು, ಈ ಸಲ ಕೂತರು. ಆಮೇಲೆ ಬಸ್ಸು ಅರ್ಧ ತಾಸು ನಿಲ್ಲುವ ದಿನಗಳಲ್ಲೆಲ್ಲ ಬರತೊಡಗಿದರು. ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಹೊಸದಾಗಿ ಯಾರಾದರೂ ಬರೆದಿದ್ದರೆ ನಾನು ಓದಿ ಹೇಳಬೇಕು. ಹೊಸದಿಲ್ಲದಿದ್ದರೆ ಹಳೆಯದನ್ನೇ. ಒಬ್ಬ ಹುಡುಗಿ, ಕಾಲೇಜಿನಲ್ಲಿ ತನ್ನ ಡಬ್ಬಿ ಕೆಳಗೆ ಬಿದ್ದ ದಿನ ಇವಳು ತನ್ನ ಬುತ್ತಿಯನ್ನು ನಡುವೆ ಇಟ್ಟಳು ಎಂದು ಬರೆದಿದ್ದಳು. ಅದನ್ನು ಅವರು ಮತ್ತೆ ಮತ್ತೆ ಓದಿಸುತ್ತಿದ್ದರು. “ಅವತ್ತು ಮನಿಗೆ ಬಂದು ಭಾಳ ಹಸಿವು ಅಂದಿದ್ಳು ನೋಡು,” ಎನ್ನುತ್ತಿದ್ದರು. ಸರ ಹೋಗಿ ತಮ್ಮಾ ಆಗಿದ್ದೆ.

ಒಂದು ದಿನ, “ತಮ್ಮಾ, ಇದನ್ನೆಲ್ಲ ಪುಕ್ಕಟೆ ಬರೀತಿ. ಹೊಟ್ಟಿಗೆ ಏನು ಮಾಡ್ತಿ?” ಎಂದು ಕೇಳಿದರು. ನಾನು ಇದ್ದುದನ್ನು ಇದ್ದ ಹಾಗೆ ಹೇಳಿದೆ. ಜಾಹೀರಾತು ಇರುತ್ತದೆ, ಯಾರಾದರೂ ಅದನ್ನು ಒತ್ತಿ ನೋಡಿದರೆ ನನಗೆ ಸ್ವಲ್ಪ ಬರುತ್ತದೆ ಎಂದೆ.

“ಅಂದ್ರ ನಮ್ಮ ಹುಡುಗಿ ಪುಟದಾಗ ತಗದಿದ್ದಕ್ಕ ನಿನಗ ಲುಕ್ಸಾನ ಆತು,” ಎಂದರು.

“ಅಷ್ಟೇನಿಲ್ರಿ,” ಎಂದೆ. ಅವರು ತಲೆ ಅಲ್ಲಾಡಿಸಿ ಎದ್ದುಹೋದರು.

ಆ ತಿಂಗಳು ಜಾಹೀರಾತಿನ ದುಡ್ಡು ಇದ್ದಕ್ಕಿದ್ದಂತೆ ಏರಿತು. ಓದುವವರು ಹೆಚ್ಚಾಗಿರಲಿಲ್ಲ, ಒತ್ತುವವರು ಹೆಚ್ಚಾಗಿದ್ದರು. ನನಗೆ ಅದು ಸರಿ ಅನ್ನಿಸಲಿಲ್ಲ, ಆದರೆ ಏನೆಂದು ತಿಳಿಯಲಿಲ್ಲ. ಹೆಂಡತಿ ಮಗಳಿಗೆ ಹೊಸ ಚೀಲ, ಬೂಟು ತಂದಳು. ಆಮೇಲೆ ಒಂದು ಬೆಳಿಗ್ಗೆ ಕಂಪನಿಯಿಂದ ಇಂಗ್ಲಿಷಿನಲ್ಲಿ ಮೇಲ್ ಬಂತು. ನಿಮ್ಮ ಪುಟಗಳಲ್ಲಿ ಜಾಹೀರಾತುಗಳನ್ನು ಬೇಕೆಂದೇ ಒತ್ತಿಸಲಾಗಿದೆ, ಇದು ನಿಯಮಕ್ಕೆ ವಿರುದ್ಧ, ನಿಮ್ಮ ಖಾತೆ ಮುಚ್ಚಿದೆ, ಬರಬೇಕಾದದ್ದೂ ಬರುವುದಿಲ್ಲ ಎಂದು ಅದರ ಅರ್ಥ. ಮರುಪರಿಶೀಲನೆಗೆ ಒಂದು ಸಲ ಮಾತ್ರ ಕೇಳಿಕೊಳ್ಳಬಹುದಾಗಿತ್ತು. ಯಾರು ಒತ್ತಿರಬಹುದು ಎಂದು ಅದರಲ್ಲಿ ಕೇಳಿದ್ದರು. ನನಗೆ ಗೊತ್ತಿಲ್ಲ ಎಂದು ಬರೆದೆ. ಗೊತ್ತಿರಲಿಲ್ಲ. ಮೂರನೆಯ ದಿನ ಒಂದು ಸಾಲಿನ ಉತ್ತರ ಬಂತು, ಆಗುವುದಿಲ್ಲವೆಂದು. ಯಾರಿಗೆ ಫೋನ್ ಮಾಡುವುದು? ಆ ಕಂಪನಿಗೆ ಹೋಗಿ ಬಾಗಿಲಲ್ಲಿ ನಿಂತು ಕೇಳೋಣವೆಂದರೆ ಬಾಗಿಲು ಎಲ್ಲಿದೆಯೋ ಗೊತ್ತಿಲ್ಲ.

ಆ ವಾರವೇ ಕಂಡಕ್ಟರು ಬಂದರು. ಮಗಳು ಹೋದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ ಇತ್ತು.

“ಹೆಂಗ ನಡದೈತಿ ತಮ್ಮಾ, ನಿನ್ನ ಕೆಲಸ?”

“ನಡದೈತ್ರಿ.”

“ನಡೀಲೇಬೇಕು. ನಮ್ಮ ಬಸ್ಸಿಗೆ ಬರೋ ಕಾಲೇಜ್ ಹುಡುಗರಿಗೆಲ್ಲಾ ಹೇಳೇನಿ. ‘ಪಾಸ್ ತೋರ್ಸ್ರಿ, ಆಮ್ಯಾಲೆ ಫೋನ್ ತಗೀರಿ’ ಅಂತೀನಿ. ನಮ್ಮ ಹುಡುಗೀ ಪುಟಾ ಬಿಟ್ಟು ಉಳಿದವು ತಗಸ್ತೀನಿ. ಕುಕನೂರ ದಾಟೋದ್ರೊಳಗ ಎಲ್ಲಾರೂ ಒತ್ತಿ ಮುಗಸ್ತಾರ. ನಮ್ಮ ಡಿಪೋದವರಿಗೂ ಹೇಳೇನಿ. ಭಾಳ ಮಂದಿ ಒತ್ತಾಕತ್ತಾರ.”

ಅವರು ಪೊಟ್ಟಣ ಬಿಚ್ಚಿ ನನ್ನ ಮುಂದೆ ಸರಿಸಿದರು.

“ಬಂತಿಲ್ಲೋ ದುಡ್ಡು?”

“ಬಂತ್ರಿ ಅಣ್ಣಾರ,” ಎಂದೆ. “ಈ ಸಲ ಭಾಳ ಬಂತು.”

“ನಮ್ಮ ಹುಡುಗೀ ಸಲುವಾಗಿ ನೀ ಕಳಕೊಂಡಿದ್ದಿ. ಅದು ನನ್ನ ಮನಸಿನ್ಯಾಗ ಕುಂತಿತ್ತು,” ಎಂದರು.

ನಾನು ಒಂದು ಮೆಣಸಿನಕಾಯಿ ತೆಗೆದುಕೊಂಡು ತಿಂದೆ. ಕಣ್ಣಲ್ಲಿ ನೀರು ಬಂತು, ಖಾರ ಎಂದು ಅವರು ನೀರಿನ ಬಾಟಲಿ ಕೊಟ್ಟರು. ಇನ್ನು ಒತ್ತಿಸಬೇಡಿರಿ, ಕಂಪನಿಯವರು ಇಷ್ಟೇ ಸಾಕು ಎಂದಿದ್ದಾರೆ ಎಂದು ಹೇಳಿದೆ. ಅವರು ಅದನ್ನು ನಂಬಿದರು.

ಮನೆಯಲ್ಲಿ ಹೇಳಿದಾಗ ಹೆಂಡತಿ, “ಅವರಿಗೆ ಹೇಳಿದ್ರೇನು?” ಎಂದಳು. ಇಲ್ಲ ಎಂದೆ. “ಹೇಳಬ್ಯಾಡ್ರಿ,” ಎಂದಳು. ಮುಂದಿನ ತಿಂಗಳು ಅಂಗಡಿಯ ಬಾಡಿಗೆ ಹೊಂದಿಸಲಾಗಲಿಲ್ಲ. ಕಂಪ್ಯೂಟರನ್ನು ಮನೆಗೆ ತಂದು ಅಂಗಡಿ ಬಿಟ್ಟುಕೊಟ್ಟೆ. ಗಂಗಾವತಿಯ ಗೆಳೆಯ ತನ್ನ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡಲು ಕರೆದ. ಕಂಡಕ್ಟರಿಗೆ ಅಲ್ಲಿ ದೊಡ್ಡ ಕೆಲಸ ಸಿಕ್ಕಿದೆ ಎಂದು ಹೇಳಿ ಹೊರಟೆ. ಅವರು ಹರಸಿದರು. ಅವರಿಗೆ ನಿವೃತ್ತಿ ಆಯಿತೆಂದು ಆಮೇಲೆ ಕೇಳಿದೆ. ಭೇಟಿ ಆಗಿಲ್ಲ.

ಬ್ಲಾಗನ್ನು ನಾನು ಮುಚ್ಚಲಿಲ್ಲ. ದುಡ್ಡಿಲ್ಲದೆ ಕೆಲವು ದಿನ ಬರೆದೆ. ಆದರೆ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವವನಿಗೆ ಸತ್ತವರ ಮನೆಯಲ್ಲಿ ಅರ್ಧ ದಿನ ಕೂಡಲು ಆಗುವುದಿಲ್ಲ. ಕೂಡದೆ ಬರೆದದ್ದು ಬರೇ ಹೆಸರು, ಊರು, ವಯಸ್ಸು ಆಗುತ್ತಿತ್ತು. ನಿಲ್ಲಿಸಿದೆ. ಈಗ ಪುಟಗಳ ಕೆಳಗೆ ಸಾಲ ಕೊಡುತ್ತೇವೆ, ಲಾಟರಿ ಹೊಡೆದಿದೆ ಎಂದು ಯಾರ್ಯಾರೋ ಬರೆದುಹೋಗುತ್ತಾರೆ. ರವಿವಾರ ಕೂತು ಅವನ್ನು ಅಳಿಸುತ್ತೇನೆ. ಹುಡುಗಿಯ ಪುಟದ್ದನ್ನು ಮೊದಲು ಅಳಿಸುತ್ತೇನೆ.

ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬ, ಚುನಾವಣೆ, ಶ್ರದ್ಧಾಂಜಲಿ ಎಲ್ಲಕ್ಕೂ ಸಿದ್ಧ ನಮೂನೆಗಳಿವೆ. ಶ್ರದ್ಧಾಂಜಲಿಗೆ ನೀಲಿ ಮೋಡ, ಎರಡು ದೀಪ. ಹೋದ ವಾರ ಕಾರಟಗಿ ಕಡೆಯ ಯುವಕನೊಬ್ಬ ತಾಯಿಯ ಫೋಟೋ ತಂದಿದ್ದ. ಗದ್ದೆಯ ಬದುವಿನ ಮೇಲೆ ನಿಂತು ತೆಗೆದದ್ದು, ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿದ್ದರು. ಫೋಟೋ ಕೂರಿಸಿದ ಮೇಲೆ ಕೆಳಗೆ ಜಾಗ ಉಳಿಯಿತು.

“ಇಲ್ಲಿ ಅವರ ಬಗ್ಗೆ ಎರಡು ಸಾಲು ಬರೀಲೇನ್ರಿ?” ಎಂದು ಕೇಳಿದೆ.

ಅವನು ಪರದೆ ನೋಡಿದ, ಫೋನು ನೋಡಿದ. “ಬ್ಯಾಡ್ರಿ ಸರ. ಮಂದಿ ಎಲ್ಲಿ ಓದ್ತಾರ. ಅಲ್ಲಿ ಬಂಧುಗಳ ಫೋಟೋ ಹಾಕ್ರಿ,” ಎಂದು ಒಂದೊಂದಾಗಿ ನನಗೆ ಕಳಿಸತೊಡಗಿದ.