ಅಟ್ಟದ ಸದ್ದಿಗೆ ಒಂದು ರೆಕಾರ್ಡರ್

ಹೋದ ವರ್ಷ ಬೇಸಿಗೆ ರಜೆಯಲ್ಲಿ ತುಮಕೂರಿನ ನಮ್ಮ ಮನೆಯ ಅಡುಗೆಮನೆಯ ಸಜ್ಜ ಗುಡಿಸುತ್ತಿದ್ದಾಗ, ಹಳೆಯ ಇಡ್ಲಿ ಪಾತ್ರೆಯ ಹಿಂದೆ ಒಂದು ತೆಂಗಿನಕಾಯಿ ಸಿಕ್ಕಿತು. ಯಾವ ಹಬ್ಬಕ್ಕೆ ತಂದದ್ದೋ, ಯಾರು ಅಲ್ಲಿಟ್ಟು ಮರೆತದ್ದೋ ಗೊತ್ತಿಲ್ಲ. ಎಸೆಯುವ ಮುಂಚೆ, ಯಾಕೆಂದು ಯೋಚಿಸದೆಯೇ, ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದೆ. ಒಳಗೆ ಲೊಡಕ್ ಎಂದಿತು. ಸ್ಟೂಲಿನ ಮೇಲೆ ನಿಂತಿದ್ದವಳು ಇಳಿದು ನೆಲದ ಮೇಲೆ ಕೂತುಬಿಟ್ಟೆ. ಇನ್ನೊಮ್ಮೆ ಅಲ್ಲಾಡಿಸಿದೆ. ಮತ್ತೆ ಅದೇ ಸದ್ದು: ಮರದ ಪೆಟ್ಟಿಗೆಯೊಳಗೆ ಮರದ ಚೆಂಡು ಹೊರಳಿದಂತೆ, ಒಣಗಿದ, ತುಂಬಿದ ಸದ್ದು. ನಿಮಗೂ ಅಂಥದೊಂದು ಸದ್ದು ಇದ್ದೇ ಇರುತ್ತದೆ, ಬಾವಿಯ ರಾಟೆಯದೋ, ಬಾಗಿಲ ಚಿಲಕದ್ದೋ. ಕೇಳಿದ ಗಳಿಗೆಯಲ್ಲಿ ಒಂದು ಇಡೀ ಮನೆ ಎದ್ದು ನಿಲ್ಲುತ್ತದೆ. ಆ ಮನೆ ಈಗ ಇಲ್ಲ ಎನ್ನುವುದು ಆಮೇಲೆ ನೆನಪಾಗುತ್ತದೆ.

ನಮ್ಮೂರು ಗುಬ್ಬಿಯಿಂದ ಮೂರು ಮೈಲಿ. ಅಪ್ಪ ಮತ್ತು ದೊಡ್ಡಪ್ಪ ಒಟ್ಟಿಗೇ ಇದ್ದ ಮನೆ. ನಡುಮನೆಯ ಉದ್ದಕ್ಕೂ ಮೇಲೆ ಅಟ್ಟ. ತೋಟದಲ್ಲಿ ಕೆಡವಿದ ಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿಗೆ ಸುರಿದರೆ, ಹತ್ತು ಹನ್ನೊಂದು ತಿಂಗಳು ಅವು ಅಲ್ಲೇ ಮಲಗಿ ನಿಧಾನವಾಗಿ ಕೊಬ್ಬರಿಯಾಗುತ್ತಿದ್ದವು. ಒಲೆಯ ಹೊಗೆ ಅಟ್ಟಕ್ಕೆ ಹಾಸಿದ ಬಿದಿರು ಗಳುಗಳ ಸಂದಿಯಿಂದ ಮೇಲೇರುತ್ತಿತ್ತು. ನಮ್ಮ ಲಂಗಕ್ಕೆ, ಸ್ಕೂಲಿನ ಪುಸ್ತಕಕ್ಕೆ, ತಲೆಗೂದಲಿಗೆ ಹೊಗೆಯೂ ಕೊಬ್ಬರಿಯೂ ಸೇರಿದ ಒಂದೇ ವಾಸನೆ. ಅಟ್ಟದ ಕಾರುಬಾರೆಲ್ಲ ದೊಡ್ಡಪ್ಪನ ಹೆಂಡತಿ ಗಿರಿಜಮ್ಮನದು, ನನ್ನ ದೊಡ್ಡಮ್ಮ. ಬೆಳಗಿನ ಕೆಲಸ ಮುಗಿದ ಮೇಲೆ ಏಣಿ ಹತ್ತಿ ಕೂತು, ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ಬೇರೆ ಮಾಡುತ್ತಿದ್ದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದಳು: "ನೀರಿದ್ರೆ ಕುಲುಕ್ತದೆ. ನೀರು ಬತ್ತಿದ್ರೆ ಮೂಗಿಯಾಗ್ತದೆ. ಆಗ ಬುಟ್ಬುಡು, ಮುಟ್ಬೇಡ. ಗಿಟುಕು ಚಿಪ್ಪು ಬುಟ್ಟ ಮೇಲೆ ಅದೇ ಮಾತಾಡ್ತದೆ ಕಣೆ ಶೈಲೂ." ಗಿಟುಕು ಎಂದರೆ ಚಿಪ್ಪಿನಿಂದ ಬಿಡಿಸಿಕೊಂಡು ಒಳಗೇ ಉಂಡೆಯಾಗಿ ಉರುಳುವ ಕೊಬ್ಬರಿ. ನನಗೆ ಎಲ್ಲ ಕಾಯಿಯೂ ಒಂದೇ ಥರ ಕೇಳಿಸುತ್ತಿತ್ತು. ಅವಳಿಗೆ ಹಾಗಲ್ಲ. ಅಟ್ಟದ ಮೇಲೆ ಕೂತೇ, ಹಿತ್ತಲಲ್ಲಿ ಹಸು ಹಗ್ಗ ಜಗ್ಗಿದ್ದು, ಅಮ್ಮ ಅನ್ನದ ತಪ್ಪಲೆಯ ಮುಚ್ಚಳ ತೆಗೆದಿದ್ದು, ಗುಬ್ಬಿ ಸ್ಟೇಷನ್ನಿಗೆ ರೈಲು ಬಂದದ್ದು ಎಲ್ಲವನ್ನೂ ಹೇಳುತ್ತಿದ್ದಳು. ರೈಲಿನ ಸೀಟಿ ಎಂದಿಗಿಂತ ಹತ್ತಿರ ಕೇಳಿದರೆ ಮಳೆ ಬರುತ್ತದೆಂದು ಬಟ್ಟೆ ಒಳಗೆ ತರಿಸುತ್ತಿದ್ದಳು.

ನನಗೆ ಹನ್ನೊಂದು ವರ್ಷವಿದ್ದಾಗ ಬಾವಿಯ ನೀರು ಯಾರ ತೋಟಕ್ಕೆ ಮೊದಲು ಹೋಗಬೇಕೆಂಬ ಮಾತಿನಲ್ಲಿ ಅಪ್ಪ ದೊಡ್ಡಪ್ಪ ಕೈ ಕೈ ಮಿಲಾಯಿಸಿಕೊಂಡರು. ಒಂದು ತಿಂಗಳಲ್ಲಿ ನಡುಮನೆಯ ಮಧ್ಯೆ ಇಟ್ಟಿಗೆ ಗೋಡೆ ಎದ್ದಿತು. ಜಗಳ ಗಂಡಸರದು, ಆದರೆ ಮಾತು ಬಿಟ್ಟವರು ಹೆಂಗಸರು. ಅಮ್ಮ ದೊಡ್ಡಮ್ಮನನ್ನು ಒಡಹುಟ್ಟಿದವಳ ಹಾಗೆ "ಅಕ್ಕಾ" ಎಂದು ಕರೆಯುತ್ತಿದ್ದವಳು. ಆ ಜಗಳದ ದಿನ ದೊಡ್ಡಮ್ಮ ಆಡಿದ ಯಾವುದೋ ಒಂದು ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ಅದೇನೆಂದು ನನಗೆ ಇಂದಿಗೂ ಹೇಳಿಲ್ಲ. ನನಗೂ ಅಪ್ಪಣೆಯಾಯಿತು: ಆ ಕಡೆ ಹೋಗಕೂಡದು, ಕರೆದರೆ ಓಗೊಡಕೂಡದು. ಗೋಡೆ ಅಟ್ಟದ ತನಕ ಮಾತ್ರ ಎದ್ದಿತ್ತು. ಮೇಲೆ ಬಿದಿರಿನ ತಡಿಕೆಯಷ್ಟೇ. ಹಾಗಾಗಿ ಸಂಜೆ ನಾನು ಸ್ಕೂಲಿನಿಂದ ಬಂದು ಚೀಲ ಇಡುವ ಹೊತ್ತಿಗೆ ಸರಿಯಾಗಿ ಮೇಲಿಂದ ದನಿ ಬರುತ್ತಿತ್ತು: "ಶೈಲೂ..." ನಾನು ಗೋಡೆಯ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಓಗೊಡುತ್ತಿರಲಿಲ್ಲ. ಎಷ್ಟೋ ತಿಂಗಳು ಅವಳು ಕರೆದಳು, ನಾನು ಕೇಳಿಸದವಳ ಹಾಗೆ ನಿಂತೆ. ಆಮೇಲೆ ನಾನು ತುಮಕೂರಿನ ಹಾಸ್ಟೆಲ್ಲು ಸೇರಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಪಾಲು ಮಾರಾಟವಾಗಿ, ದೊಡ್ಡಮ್ಮ ಕುಣಿಗಲ್ ಹತ್ತಿರ ಕೊತ್ತಗೆರೆಯಲ್ಲಿದ್ದ ಮಗಳು ವಿನೋದಕ್ಕನ ಮನೆಗೆ ಹೊರಟುಹೋದಳು. ನಮ್ಮ ಪಾಲನ್ನೂ ಮುಂದೆ ಕೆಡವಿದರು. ಈಗ ಅಲ್ಲಿ ಹಾಲಿನ ಡೇರಿ ಇದೆ. ತೋಟಗಳಲ್ಲೂ ಕಾಯಿ ಬಲಿಯುವ ತನಕ ಕಾಯುವವರು ಕಡಿಮೆ. ಎಳನೀರಿಗೇ ಲಾರಿ ಬರುತ್ತದೆ. ಮದುವೆ ಸಾವುಗಳಲ್ಲಿ ದೊಡ್ಡಮ್ಮ ಎದುರಾದಾಗ ನಾನು ಕಾಲಿಗೆ ನಮಸ್ಕಾರ ಮಾಡಿ, ಜನರ ನಡುವೆ ಸರಿದುಬಿಡುತ್ತಿದ್ದೆ. ಅಮ್ಮ ಅದೂ ಇಲ್ಲ.

ಸಜ್ಜದಲ್ಲಿ ಸಿಕ್ಕ ಆ ಕಾಯಿಯ ಸದ್ದನ್ನು ಫೋನಿನಲ್ಲಿ ಹಿಡಿದಿಡೋಣವೆಂದು ನೋಡಿದೆ. ಹಾಕಿ ಕೇಳಿದರೆ ನನ್ನ ಉಸಿರು ಕೇಳುತ್ತಿತ್ತು, ಬೀದಿಯಲ್ಲಿ ಹೂವು ಮಾರುವವಳ ಕೂಗು ಕೇಳುತ್ತಿತ್ತು, ಕಾಯಿಯ ಸದ್ದು ಮಾತ್ರ ಹತ್ತಿ ಸುತ್ತಿದಂತೆ ಮಂಕಾಗಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಆದರೂ ಇದು ಹೊಳೆದಿರಲಿಲ್ಲ: ಫೋನು ಮನುಷ್ಯರ ಮಾತಿಗೆಂದು ಮಾಡಿದ್ದು, ಮಾತಲ್ಲದ್ದನ್ನೆಲ್ಲ ಗಲಾಟೆಯೆಂದು ತಿಳಿದು ಒರೆಸಿಹಾಕುತ್ತದೆ. ಇದನ್ನು ನನಗೆ ಬಿಡಿಸಿ ಹೇಳಿದವರು ನಜೀರ್ ಭಾಯಿ. ಮದುವೆ, ಸಮಾರಂಭಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅವರು ನಮ್ಮ ಸ್ಕೂಲಿನ ವಾರ್ಷಿಕೋತ್ಸವಕ್ಕೂ ಬರುತ್ತಾರೆ. ಅವರ ಅಂಗಡಿಗೆ ಹೋಗಿ, ಒಂದು ಒಳ್ಳೆಯ ಮೈಕು ಬೇಕು ಎಂದೆ.

"ಮೈಕ್ ಆಮೇಲೆ ಮೇಡಂ. ಏನ್ ಹಿಡೀಬೇಕು ಅದನ್ನ ಹೇಳಿ ಮೊದ್ಲು. ಹಾಡಾ, ಮಾತಾ, ಹಕ್ಕಿನಾ?"

ತೆಂಗಿನಕಾಯಿ ಎಂದೆ. ಅವರು ನಗಲಿಲ್ಲ. ಒಂದೊಂದನ್ನೇ ಲೆಕ್ಕ ಹಾಕಿ ಹೇಳಿದರು. ವೇದಿಕೆಯ ದೊಡ್ಡ ಮೈಕು ಬೇಡ, ಅದಕ್ಕೆ ಬೇರೆ ಪೆಟ್ಟಿಗೆ, ವೈರು, ಹೊರಲು ಇನ್ನೊಬ್ಬರು ಬೇಕು. ಕಾಲರಿಗೆ ಸಿಕ್ಕಿಸುವ ಮೈಕು ಮಾತಿಗೆ ಸರಿ, ಉಳಿದದ್ದಕ್ಕೆ ಕಿವುಡು. ಮೊದಲ ಸಲ ಕೊಳ್ಳುವವರಿಗೆ ಅಂಗೈಯಗಲದ ರೆಕಾರ್ಡರೇ ಸಾಕು ಎಂದು, ತಲೆಯ ಮೇಲೆ ಜೀರುಂಡೆಯ ಕೊಂಬಿನಂತೆ ಎರಡು ಪುಟ್ಟ ಮೈಕುಗಳಿದ್ದ ಒಂದನ್ನು ಕಪಾಟಿನಿಂದ ತೆಗೆದರು. ಯಾವುದೋ ಕಾಲೇಜಿನವರು ಬಳಸಿ ಕೊಟ್ಟುಹೋದದ್ದು, ಮೂಲೆಗಳಲ್ಲಿ ಗೀಚಾಗಿತ್ತು. ಜೊತೆಗೆ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಗಾಳಿ ತಡೆಯಲು ತುಪ್ಪಳದ ಒಂದು ಟೊಪ್ಪಿ, ಒಂದು ಮೆಮೊರಿ ಕಾರ್ಡು, ಚಾರ್ಜ್ ಮಾಡುವ ಸೆಲ್ಲು, ಮೇಜಿನ ಮೇಲೆ ನಿಲ್ಲಿಸಲು ಗೇಣುದ್ದದ ಮೂರು ಕಾಲಿನ ಸ್ಟ್ಯಾಂಡು. ಹೆಡ್‌ಫೋನ್ ಆಮೇಲೆ ನೋಡೋಣ ಎಂದದ್ದಕ್ಕೆ ಮಾತ್ರ ಬೈದರು: "ಅದಿಲ್ದೆ ರೆಕಾರ್ಡ್ ಮಾಡೋದು ಕಣ್ ಮುಚ್ಕೊಂಡು ಗಾಡಿ ಓಡಿಸ್ದಂಗೆ ಮೇಡಂ. ನಿಮ್ ಕಿವಿ ಕೇಳೋದೇ ಬೇರೆ, ಮೈಕ್ ಕೇಳೋದೇ ಬೇರೆ."

ಅದು ನಿಜವೆಂದು ಒಂದೇ ವಾರದಲ್ಲಿ ಗೊತ್ತಾಯಿತು. ಹೆಡ್‌ಫೋನ್ ಹಾಕಿಕೊಂಡು ಮನೆಯಲ್ಲಿ ಕೂತರೆ ಫ್ರಿಜ್ಜು ಲಾರಿಯ ಹಾಗೆ ಗುಡುಗುಟ್ಟುತ್ತಿತ್ತು, ಫ್ಯಾನು ಬಿರುಗಾಳಿಯಾಗಿತ್ತು. ರೆಕಾರ್ಡರ್ ಕೈಯಲ್ಲಿ ಹಿಡಿದರೆ ಬೆರಳಿನ ಸದ್ದೇ ತುಂಬಿಕೊಳ್ಳುತ್ತಿತ್ತು. ಕೆಳಗಿಟ್ಟು ದೂರ ಸರಿಯಬೇಕೆಂದು ಕಲಿತೆ. ರೆಕಾರ್ಡರಿನ ಪರದೆಯಲ್ಲಿ ಸದ್ದಿನ ಮಟ್ಟ ತೋರಿಸುವ ಪಟ್ಟಿ ಮುಕ್ಕಾಲು ಏರಿದರೆ ಸಾಕು, ತುದಿ ಮುಟ್ಟಿದರೆ ಸದ್ದು ಹರಿದು ಹೋಗುತ್ತದೆ, ಆಮೇಲೆ ಹೊಲಿಯಲು ಬರುವುದಿಲ್ಲ. ಮಕ್ಕಳನ್ನು ಹುತ್ರಿದುರ್ಗದ ಬೆಟ್ಟಕ್ಕೆ ಕರೆದುಕೊಂಡು ಹೋದ ದಿನ, ತುಪ್ಪಳದ ಟೊಪ್ಪಿ ಮನೆಯಲ್ಲೇ ಮರೆತು, ಹಕ್ಕಿಗಳ ಬದಲು ಒಂದು ಗಂಟೆ ಗಾಳಿಯ ಹೊಡೆತವನ್ನು ತುಂಬಿಸಿಕೊಂಡು ಬಂದೆ. ಇಷ್ಟೆಲ್ಲ ಆದ ಮೇಲೆ, ಕಾಯಿ ತುಂಬಿದ ಒಂದು ಅಟ್ಟ ಎಲ್ಲಾದರೂ ಉಳಿದಿದೆಯೇ ಎಂದು ವಿಚಾರಿಸಿದೆ. ಗುಬ್ಬಿ ಕಡೆ ಇವರ ಮನೆಯಲ್ಲಿಲ್ಲ, ಅವರ ಮನೆಯಲ್ಲಿಲ್ಲ ಎನ್ನುತ್ತ ಕೊನೆಗೆ ಒಬ್ಬರು ಹೇಳಿದರು: ನಿಮ್ಮ ದೊಡ್ಡಮ್ಮನೇ ಕೊತ್ತಗೆರೆಯಲ್ಲಿ ಕೊಟ್ಟಿಗೆಯ ಮೇಲೆ ಅಟ್ಟ ಇಟ್ಟುಕೊಂಡಿದ್ದಾರಲ್ಲ.

ನನಗೆ ಅದು ಗೊತ್ತಿರಲಿಲ್ಲ. ವಿನೋದಕ್ಕನಿಗೆ ಫೋನ್ ಮಾಡಿದೆ. "ಬಾರೆ, ಕೇಳ್ಬೇಕಾ ಅದುನ್ನ? ಆದ್ರೆ ಅಮ್ಮಂಗೆ ಕಿವಿ ಮುಕ್ಕಾಲು ಹೋಗ್ಬುಟ್ಟದೆ. ನೀ ಹೇಳಿದ್ದು ಅವ್ಳಿಗೆ ಕೇಳಾಕಿಲ್ಲ," ಎಂದಳು. ಆ ಕಿವಿ ಹೋಗಿದೆ ಎಂಬುದನ್ನು ನಂಬುವುದಕ್ಕೇ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಭಾನುವಾರ ಬೆಳಿಗ್ಗೆ ಹೋದೆ. ದೊಡ್ಡಮ್ಮ ಕೊಟ್ಟಿಗೆಯ ಮುಂದೆ ಗೋಣಿ ಹಾಸಿಕೊಂಡು ಕೂತಿದ್ದಳು. ಎಂಬತ್ತು ದಾಟಿತ್ತು, ಕೈ ಸಣ್ಣಗಾಗಿತ್ತು, ಆದರೂ ಅಳಿಯ ಇಳಿಸಿಕೊಟ್ಟ ಕಾಯಿಗಳನ್ನು ಒಂದೊಂದೇ ನೋಡುತ್ತಿದ್ದಳು. ಕಿವಿಗೆ ಹಿಡಿಯುತ್ತಿರಲಿಲ್ಲ. ಕಾಯಿಯನ್ನು ದವಡೆಯ ಮೂಳೆಗೆ ಒತ್ತಿ ಹಿಡಿದು ಅಲ್ಲಾಡಿಸುತ್ತಿದ್ದಳು. ಅದುರು ಹಲ್ಲಿಗೆ ಬರುತ್ತದಂತೆ. ನನ್ನನ್ನು ಕಂಡು ಗುರುತು ಹಿಡಿದಳು, ಗೋಣಿಯ ಮೇಲೆ ಜಾಗ ಬಿಟ್ಟಳು, ನನ್ನ ಗಲ್ಲ ಮುಟ್ಟಿದಳು. ಆಸ್ಪತ್ರೆಯಲ್ಲಿ ಕೊಟ್ಟ ಕಿವಿಯ ಮಿಶಿನ್ನು ಗುಯ್ ಎನ್ನುತ್ತದೆಂದು ಡಬ್ಬಿಯಲ್ಲೇ ಇಟ್ಟಿದ್ದಳು. ನಾನು ರೆಕಾರ್ಡರನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಅವಳು ಅಲ್ಲಾಡಿಸುವುದನ್ನು ಹಿಡಿದುಕೊಂಡೆ. ಹೆಡ್‌ಫೋನಿನಲ್ಲಿ ಆ ಸದ್ದು ಎಷ್ಟು ಹತ್ತಿರ, ಎಷ್ಟು ದುಂಡಗೆ ಕೇಳುತ್ತಿತ್ತೆಂದರೆ, ಒಬ್ಬಳೇ ಕೇಳುವುದು ಅನ್ಯಾಯವೆನಿಸಿತು. ರೆಕಾರ್ಡರ್ ಓಡುತ್ತಿರುವಂತೆಯೇ ಹೆಡ್‌ಫೋನ್ ತೆಗೆದು ಅವಳ ತಲೆಗೆ ಹಾಕಿದೆ. ಸದ್ದು ತಗ್ಗಿಸಿಟ್ಟು, ಅವಳ ಮುಖ ನೋಡುತ್ತ ಒಂದೊಂದೇ ಮೆಟ್ಟಿಲು ಏರಿಸಿದೆ.

ಎಲ್ಲೋ ಒಂದು ಮೆಟ್ಟಿಲಿನಲ್ಲಿ ಅವಳು ತಟ್ಟನೆ ತಲೆ ಎತ್ತಿದಳು. "ಯಾರೋ ಗುಡಿಸ್ತಾವ್ರೆ," ಎಂದಳು. ಹಿಂದಿನ ಅಂಗಳದಲ್ಲಿ ವಿನೋದಕ್ಕ ಗುಡಿಸುತ್ತಿದ್ದಳು. "ಹಸ ಮೆಲುಕಾಕ್ತಾ ಅದೆ. ಅಯ್ಯೋ ಶಿವನೆ, ಇದು ನನ್ ಬಳೆ ಸದ್ದಾ?" ಕೈ ಮೇಲೆತ್ತಿ ಬಳೆಯನ್ನು ಮತ್ತೆ ಮತ್ತೆ ಆಡಿಸಿದಳು. ಆಮೇಲೆ ಒಂದು ಕಾಯಿ ತೆಗೆದು ಮೈಕಿನ ಮುಂದೆ ಅಲ್ಲಾಡಿಸಿ, "ಇದಿನ್ನೂ ಆಗಿಲ್ಲ, ಹದಿನೈದು ದಿನ ಹೋಗ್ಲಿ," ಎಂದು ಪಕ್ಕಕ್ಕಿಟ್ಟಳು.

ನಾನು ಮೈಕಿನ ಹತ್ತಿರ ಬಾಗಿದೆ. ಇಷ್ಟು ವರ್ಷ ಹೇಳಲಾಗದ್ದನ್ನು ಒಂದು ಯಂತ್ರಕ್ಕೆ ಹೇಳುವಂತೆ ಹೇಳಿದೆ: "ದೊಡ್ಡಮ್ಮ, ಆಗ ನೀನು ಅಟ್ಟದ ಮೇಲಿಂದ ಕರೀತಿದ್ದೆಯಲ್ಲ. ನಂಗೆ ಕೇಳಿಸ್ತಿತ್ತು. ಬೇಕೂಂತಲೇ ಓಗೊಡ್ತಿರ್ಲಿಲ್ಲ."

ಅವಳು ನನ್ನನ್ನು ನೋಡಲಿಲ್ಲ. ಮುಂದಿನ ಕಾಯಿ ಕೈಗೆ ತೆಗೆದುಕೊಂಡಳು. "ನಂಗೊತ್ತು ಕಣೆ. ನೀ ಚೀಲ ಮಡಗಿ ಗೋಡೆ ತಾವ ಬರ್ತಿದ್ದೆ. ಕರೆದ ತಕ್ಷಣ ನಿನ್ ಕಾಲಿನ ಸದ್ದು ನಿಂತೋಗ್ತಿತ್ತು. ನಿಂತ್ಕಂಡವ್ಳೆ, ಕೇಳ್ತಾವ್ಳೆ ಅಂತಾವ ದಿನಾ ಕರೀತಿದ್ದೆ." ಮಾತು ಮುಗಿಸುವ ಮುಂಚೆ ಕೆಮ್ಮು ಬಂತು. ಕೆಮ್ಮಿ, ನೀರು ಕುಡಿದು, ವಿನೋದಕ್ಕನಿಗೆ ನನಗೆ ಊಟ ಬಡಿಸಲು ಹೇಳಿದಳು. ಆ ವಿಷಯ ಅಲ್ಲಿಗೆ ಮುಗಿಯಿತು. ನನ್ನ ಕಣ್ಣೀರು ಮಾತ್ರ ಊಟ ಮುಗಿಯುವ ತನಕ ನಿಲ್ಲಲಿಲ್ಲ.

ತುಮಕೂರಿಗೆ ಬಂದ ಮೇಲೆ, ನಮ್ಮ ಮಾತೂ ಸೇರಿದ್ದ ಆ ಹನ್ನೊಂದು ನಿಮಿಷದ ರೆಕಾರ್ಡಿಂಗನ್ನು ಅಮ್ಮನಿಗೆ ಕೇಳಿಸಬೇಕೋ ಬೇಡವೋ ಎಂದು ಎರಡು ದಿನ ತೊಳಲಾಡಿದೆ. ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆಗೇ ಇದ್ದಾಳೆ. ಕೊನೆಗೆ, ಅಟ್ಟದ ಸದ್ದು ಕೇಳು ಎಂದಷ್ಟೇ ಹೇಳಿ ಹೆಡ್‌ಫೋನ್ ಕೊಟ್ಟೆ. ಹನ್ನೊಂದು ನಿಮಿಷವನ್ನೂ ಅಲುಗದೆ ಕೂತು ಕೇಳಿದಳು. ಅಳುತ್ತಾಳೆ, ಇಲ್ಲವೇ ಕಿತ್ತು ಬಿಸಾಡುತ್ತಾಳೆ ಎಂದುಕೊಂಡಿದ್ದೆ. ತೆಗೆದಿಟ್ಟು ಕೇಳಿದ್ದು ಒಂದೇ ಮಾತು: "ಈ ಕೆಮ್ಮು ಅಕ್ಕಂಗೆ ಯಾವಾಗಿಂದ?" ಮುಂದಿನ ಭಾನುವಾರ ತಾನೇ ಕುಟ್ಟಿದ ಜೀರಿಗೆ ಮೆಣಸಿನ ಪುಡಿ ಕಟ್ಟಿಕೊಂಡು ನನಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಳು.

ಮೂವತ್ತು ವರ್ಷಕ್ಕೂ ಮೇಲೆ ಮಾತು ಬಿಟ್ಟಿದ್ದ ಇಬ್ಬರು ಹೇಗೆ ಶುರು ಮಾಡುತ್ತಾರೋ ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದ್ದೆ. ಅಮ್ಮ ಸ್ವಭಾವತಃ ಮೆಲುದನಿಯವಳು. ಗೋಣಿಯ ಮೇಲೆ ಕೂತು, ತನ್ನ ಎಂದಿನ ದನಿಯಲ್ಲಿ, "ಊಟ ಆಯ್ತಾ ಅಕ್ಕಾ?" ಎಂದಳು. "ಆಂ?" ಎಂದಳು ದೊಡ್ಡಮ್ಮ. ಅಮ್ಮ ಇನ್ನೊಮ್ಮೆ ಹೇಳಿದಳು. ದೊಡ್ಡಮ್ಮ ಕೈಯನ್ನು ಕಿವಿಗೆ ಮರೆ ಮಾಡಿಕೊಂಡು ಮುಂದಕ್ಕೆ ಬಾಗಿದಳು. ಆಗ ಅಮ್ಮ ಎದೆ ತುಂಬ ಉಸಿರೆಳೆದುಕೊಂಡು, ಆಚೆ ಬೀದಿಯವರು ಹೊರಬಂದು ನೋಡುವ ಹಾಗೆ ಕೂಗಿದಳು: "ಊಟ ಆಯ್ತಾ ಅಂದೆ ಅಕ್ಕಾ!" ದೊಡ್ಡಮ್ಮ ತಾನೂ ಅಷ್ಟೇ ಜೋರಾಗಿ, "ಆಯ್ತು ಕಣೆ, ನಿಂದು?" ಎಂದಳು. ಸಂಜೆಯ ತನಕ ಮಂಡಿ ನೋವು, ಸೊಪ್ಪಿನ ಸಾರು, ಸತ್ತವರು, ಹುಟ್ಟಿದವರು ಎಲ್ಲವೂ ಊರಿಗೆಲ್ಲ ಕೇಳುವಂತೆ ನಡೆಯಿತು. ರೆಕಾರ್ಡರ್ ಚೀಲದಲ್ಲಿತ್ತು. ನಾನು ತೆಗೆಯಲಿಲ್ಲ.

ಆ ವರ್ಷ ಇನ್ನೂ ಮೂರು ಸಲ ಹೋದೆವು. ಪ್ರತಿ ಸಲವೂ ಅಮ್ಮ ಗಂಟಲು ಕಟ್ಟಿಸಿಕೊಂಡು ಬಂದು, ಎರಡು ದಿನ ಬಿಸಿನೀರು ಕುಡಿಯುತ್ತಿದ್ದಳು. ಈ ಆಷಾಢದಲ್ಲಿ ದೊಡ್ಡಮ್ಮ ಹೋದಳು. ಕೊತ್ತಗೆರೆಯ ಅವರ ಹೊಲದಲ್ಲೇ ಮಣ್ಣು ಮಾಡಿದರು. ಆಮೇಲಿಂದ ಅಮ್ಮ ಮತ್ತೆ ಮೊದಲಿನ ಹಾಗೆ ಮೆಲ್ಲಗೆ ಮಾತಾಡುತ್ತಾಳೆ. ಅಡುಗೆಮನೆಯಿಂದ ಏನಾದರೂ ಹೇಳಿದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಹೋಗಿ ನಿಲ್ಲುತ್ತೇನೆ.